ನವಿಲಿನ ಕುತ್ತಿಗೆ

"ಆಪಾ, ಲಗೂ ಬರ್ರಿ. ಅಮ್ಮಿ ತೊಡಿ ಮ್ಯಾಲ ಕತ್ತರಿ ಇಟ್ಕೊಂಡು ಮಗ್ಗದ ಮುಂದ ಕುಂತಾರ. ಯಾರ ಮಾತೂ ಕೇಳವಲ್ರು."

ನವಲಗುಂದದಿಂದ ನನ್ನ ತಮ್ಮನ ಹೆಂಡತಿ ಫೋನಿನಲ್ಲಿ ಇಷ್ಟು ಹೇಳಿ ಅಳತೊಡಗಿದಳು. ಭಾನುವಾರದ ಬೆಳಗು. ಅಣ್ಣಿಗೇರಿಯ ನಮ್ಮ ಮನೆಯಲ್ಲಿ ನಾನು ಆಗಷ್ಟೇ ರೊಟ್ಟಿಯ ಹಿಟ್ಟು ನಾದಿ ಇಟ್ಟಿದ್ದೆ. ಹಿಟ್ಟನ್ನು ಅಲ್ಲೇ ಬಿಟ್ಟು, ಗಂಡನಿಗೆ "ಇವತ್ತು ನೀವಽ ಏನರ ಮಾಡ್ಕೊಂಡು ತಿನ್ರಿ" ಎಂದು ಕೂಗಿ ಬಸ್ ಸ್ಟ್ಯಾಂಡಿಗೆ ಹೊರಟೆ. ಅವರು ಫೋನಿನಿಂದ ತಲೆ ಎತ್ತದೆ ಹೂಂ ಎಂದರು. ಮನೆಗೆ ಬೆಂಕಿ ಬಿದ್ದಿದೆ ಎಂದಿದ್ದರೂ ಹಾಗೇ ಹೂಂ ಎನ್ನುತ್ತಿದ್ದರು.

ನಮ್ಮ ಅಮ್ಮಿ ಜಮಖಾನ ನೇಯುವವಳು. ನವಲಗುಂದದ ಮನೆಯ ಹಿಂದಿನ ಕೋಣೆಯಲ್ಲಿ ಗೋಡೆಗೆ ಎದೆಯೊಡ್ಡಿ ನಿಂತ ಮಗ್ಗವಿದೆ. ಮೇಲಿನಿಂದ ಕೆಳಗಿನವರೆಗೆ ಬಿಗಿಯಾಗಿ ಎಳೆದ ಹಾಸಿನ ನೂಲು, ಅದರ ಮುಂದೆ ಒಂದು ಹಲಗೆ. ಅಗಲದ ಜಮಖಾನವಾದರೆ ಒಬ್ಬರ ಕೈ ಸಾಲದು, ಹಲಗೆಯ ಮೇಲೆ ಇಬ್ಬರು ಅಕ್ಕಪಕ್ಕ ಕೂರಬೇಕು. ಎಡಕ್ಕೆ ಅಮ್ಮಿ, ಬಲಕ್ಕೆ ಸೊಸೆ. ಎದುರಿಗೆ ನಕ್ಷೆ ಬರೆದ ಕಾಗದವಿಲ್ಲ, ಎಲ್ಲವೂ ಬೆರಳಿನಲ್ಲೇ ಇರುತ್ತದೆ. ನಮ್ಮ ಮನೆ ಹೆಸರಾದದ್ದು ನವಿಲಿಗೆ. ಅದರಲ್ಲೂ ಅದರ ಕುತ್ತಿಗೆಗೆ. ಕುತ್ತಿಗೆ ಬಾಗುವ ಕಡೆ ಎರಡು ಬಣ್ಣದ ನೂಲು ಎದುರಾಗುತ್ತವೆ. ಬೇರೆಯವರು ನೇಯ್ದರೆ ಅಲ್ಲೊಂದು ಸಣ್ಣ ಸೀಳು ಉಳಿಯುತ್ತದೆ. ಬೆಳಕಿಗೆ ಹಿಡಿದರೆ ಕಾಣುತ್ತದೆ. ನಮ್ಮ ಮನೆಯ ನವಿಲಿನ ಕುತ್ತಿಗೆಯಲ್ಲಿ ಸೀಳಿಲ್ಲ. ಅಲ್ಲಿ ನೂಲನ್ನು ಹೇಗೆ ಹೊರಳಿಸಬೇಕು ಎಂಬುದು ಅಪ್ಪನ ತಾಯಿ ದಾದಿಯಿಂದ ಅಮ್ಮಿಗೆ ಬಂತು, ಅಮ್ಮಿಯಿಂದ ನನ್ನ ತಮ್ಮನ ಹೆಂಡತಿಗೆ ಬಂತು.

ನನಗೆ ಬರಲಿಲ್ಲ. ಅದು ನಮ್ಮ ಕಸುಬಿನ ಕಟ್ಟಳೆ. ಸೊಸೆಗೆ ಕಲಿಸಬೇಕು, ಮಗಳಿಗೆ ಕಲಿಸಬಾರದು. ಮಗಳು ಮದುವೆಯಾಗಿ ಹೋಗುತ್ತಾಳೆ, ಅವಳ ಜೊತೆ ಕೈಯ ಗುಟ್ಟೂ ಇನ್ನೊಂದು ಮನೆ ಸೇರುತ್ತದೆ ಎಂಬ ಭಯ. ನಾನು ನೂಲು ಸುತ್ತಬಹುದಿತ್ತು, ಬಣ್ಣದ ನೀರು ಕಾಯಿಸಬಹುದಿತ್ತು, ಚಹಾ ಒಯ್ದು ಕೊಡಬಹುದಿತ್ತು. ಕುತ್ತಿಗೆಯ ಸಾಲು ಬಂತೆಂದರೆ ದಾದಿ "ಹೋಗ್ ಬೇ, ಹೊರಗ ಆಡ್ಕೊಳ್ಹೋಗು" ಎನ್ನುತ್ತಿದ್ದಳು. ಪರದೆ ಇಳಿಯುತ್ತಿತ್ತು. ಪರದೆಯ ಹಿಂದಿನಿಂದ ದಾದಿ ಅಮ್ಮಿಗೆ ಬಯ್ಯುವುದು ಕೇಳಿಸುತ್ತಿತ್ತು. "ಬಿಚ್ಚು. ತಪ್ಪಾಗೇತಿ, ಬಿಚ್ಚು." ಆಮೇಲೆ ಕಾಲ ಉರುಳಿ, ನಾನು ತವರಿಗೆ ಬಂದಾಗಲೆಲ್ಲ ಅದೇ ಪರದೆಯ ಹಿಂದೆ ಅಮ್ಮಿ ತನ್ನ ಸೊಸೆಗೆ ಅದೇ ಮಾತು ಹೇಳುವುದು ಕೇಳಿಸಿತು. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಊರಿನ ಮಕ್ಕಳಿಗೆಲ್ಲ ಬಯ್ದು ತಿದ್ದುತ್ತೇನೆ. ಆದರೆ ಆ ಕೋಣೆಯಲ್ಲಿ ನನಗೊಂದು ಬೈಗುಳವೂ ದಕ್ಕಲಿಲ್ಲ.

ಕತ್ತರಿಯವರೆಗೆ ಬಂದ ಕತೆ ಇಷ್ಟು. ಅಮ್ಮಿಗೆ ಫೋನಿನ ಮೇಲೆ ಮೊದಲಿನಿಂದ ಸಿಟ್ಟೇನೂ ಇರಲಿಲ್ಲ. ಗದಗಿನಲ್ಲಿರುವ ತನ್ನ ಅಕ್ಕನ ಮುಖವನ್ನು ಅದರಲ್ಲೇ ದಿನಾ ನೋಡುತ್ತಾಳೆ. ನೂಲಿನ ಬಣ್ಣ ಆರಿಸುವುದೂ ಅದರಲ್ಲೇ. ನೇಯ್ದು ಮುಗಿದ ಜಮಖಾನದ ಫೋಟೋ ಎಷ್ಟು ಬೇಕಾದರೂ ಹೊಡೆದುಕೊಳ್ಳಿ, ಯಾರಿಗೆ ಬೇಕಾದರೂ ಕಳಿಸಿ. ಮುಗಿದದ್ದನ್ನು ನೋಡಿ ಯಾರೂ ಕಲಿಯಲಾರರು ಎಂಬುದು ಅವಳ ಧೈರ್ಯ. ಹೀಗಾಗಿ ಸೊಸೆ ಗೋಡೆಯ ಗೂಡಿನಲ್ಲಿ ಫೋನು ಇಟ್ಟು ಬಂದು ಪಕ್ಕದಲ್ಲಿ ಕೂತಾಗ ಫೋಟೋ ಇರಬೇಕು ಎಂದುಕೊಂಡು ಅಮ್ಮಿ ನೇಯುತ್ತಾ ಹೋಗಿದ್ದಾಳೆ. ಅದು ವಿಡಿಯೋ. ಆ ಹೊತ್ತಿಗೆ ಮಗ್ಗದ ಮೇಲಿದ್ದದ್ದು ಕುತ್ತಿಗೆಯ ಸಾಲು. ಕೆಲಸ ಚಂದ ಕಾಣುತ್ತದೆ, ನಾಲ್ಕು ಮಂದಿ ಕೇಳಿಕೊಂಡು ಬರುತ್ತಾರೆ ಎಂದು ಸೊಸೆ ಅದನ್ನು ಹಾಡು ಹಚ್ಚಿ ಇಂಟರ್ನೆಟ್ಟಿನ ಮೇಲೆ ಹಾಕಿದಳು. ಬಾಜೂಮನೆಯ ಹೆಂಗಸು ಫೋನು ಹಿಡಿದು ಬಂದು "ನಿಮ್ಮ ಕೈ ಅಗದಿ ಚಂದ ಕಾಣ್ತಾವ್ರಿ" ಎಂದು ಅಮ್ಮಿಗೆ ತೋರಿಸಿದ ಮೇಲೆಯೇ ಮನೆಯಲ್ಲಿ ಗುಡುಗು ಸುರುವಾದದ್ದು.

ಸೊಸೆ ಆ ಕ್ಷಣವೇ ತನ್ನದನ್ನು ಅಳಿಸಿದಳು. ಅಷ್ಟರಲ್ಲಿ ಬೇರೆ ಯಾರೋ ಇಳಿಸಿಕೊಂಡು ತಮ್ಮದೆಂಬಂತೆ ಹಾಕಿಕೊಂಡಿದ್ದರು. ಅವರಿಂದ ಇನ್ನೊಬ್ಬರು. "ಐತವಾರದೊಳಗ ಎಲ್ಲಾ ಕಡೆಯಿಂದ ತೆಗಸ್ರಿ. ಇಲ್ಲಂದ್ರ ಹಾಸು ಕತ್ತರಿಸಿ ಮಗ್ಗ ಅಟ್ಟಕ್ಕ ಹಾಕ್ತೀನಿ" ಎಂದು ಅಮ್ಮಿ ಅಪ್ಪಣೆ ಕೊಡಿಸಿದಳು. ತೆಗೆಸುವ ಕೆಲಸ ಬಿದ್ದದ್ದು ನನ್ನ ತಲೆಗೆ. ಓದಿದವಳಲ್ಲವೇ! ಶಾಲೆ ಮುಗಿಸಿ ಬಂದು ಸಂಜೆಯೆಲ್ಲ ಫೋನು ತಿಕ್ಕಿದ್ದೇ ತಿಕ್ಕಿದ್ದು. ದೂರು ಕೊಟ್ಟೆ. "ಪರಿಶೀಲಿಸುತ್ತೇವೆ" ಎಂದು ಒಂದು ಉತ್ತರ ಬಂತು. ಅದನ್ನು ಬರೆದದ್ದು ಮನುಷ್ಯನೋ ಯಂತ್ರವೋ ದೇವರಿಗೇ ಗೊತ್ತು. ವಿಡಿಯೋ ಹಾಕಿಕೊಂಡವನೊಬ್ಬನಿಗೆ "ಅಣ್ಣಾ, ಇದು ನಮ್ಮ ಮನೆಯ ಕೆಲಸ, ದಯವಿಟ್ಟು ತೆಗೆಯಿರಿ" ಎಂದು ಬರೆದರೆ ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದ. ತೆಗೆಯುತ್ತೇನೆ ಎಂದೋ, ಹೋಗಾಚೆ ಎಂದೋ ತಿಳಿಯಲಿಲ್ಲ. ಮರುದಿನ ನೋಡಿದರೆ ಹಾಗೇ ಇತ್ತು.

ಬಸ್ಸಿನಲ್ಲಿ ಕಿಟಕಿಯ ಬದಿ ಸೀಟು ಸಿಕ್ಕಿತು, ಆದರೆ ನೆಮ್ಮದಿ ಸಿಗಲಿಲ್ಲ. ಹಿಂದಿನ ಸೀಟಿನವನ ಫೋನಿನಲ್ಲಿ ಯಾರೋ ಮಧುಮೇಹಕ್ಕೆ ಎಲೆಯ ಔಷಧ ಹೇಳುತ್ತಿದ್ದ. ಮುಂದಿನವನ ಫೋನಿನಲ್ಲಿ ಕುಸ್ತಿ. ಬಾಜು ಕೂತ ಅಜ್ಜ ಎರಡನ್ನೂ ಕೇಳುತ್ತಾ, "ಈಗಿನ ಮಂದಿ ಕಣ್ಣು ಕಳಕೊಳ್ತಾರ ನೋಡವಾ" ಎಂದು ನನಗೆ ಹೇಳಿ, ತನ್ನ ಫೋನು ತೆಗೆದು ಅದರಲ್ಲಿ ಮಳೆ ಯಾವಾಗ ಬರುತ್ತದೆ ಎಂದು ಕಣ್ಣಿಗೆ ಹತ್ತಿರ ಹಿಡಿದು ನೋಡತೊಡಗಿದ. ಬೇರೆ ದಿನವಾಗಿದ್ದರೆ ನಾನು ಅಜ್ಜನಿಗೆ ಎರಡು ಮಾತು ಹೇಳುತ್ತಿದ್ದೆ. ನನಗೆ ಬಾಯಿ ಕಡಿಮೆಯೇನಿಲ್ಲ. ಸ್ಟಾಫ್ ರೂಮಿನಲ್ಲಿ ಫೋನಿನ ವಿರುದ್ಧ ನಾನು ಮಾಡಿದ ಭಾಷಣಗಳನ್ನು ಕೇಳಿ ನನ್ನ ಸಹೋದ್ಯೋಗಿಗಳು ಎದ್ದು ಹೋಗುವುದುಂಟು. ಮಕ್ಕಳ ತಲೆ ಕೆಡುತ್ತದೆ, ಅಕ್ಷರ ಕೆಡುತ್ತದೆ, ಬೆಳಿಗ್ಗೆ ಎದ್ದರೆ ಹೂವಿನ ಚಿತ್ರ ಕಳಿಸುವವರ ಕಾಟ ಬೇರೆ.

ಆ ದಿನ ಸುಮ್ಮನಿದ್ದೆ. ಯಾಕೆಂದರೆ ನನ್ನ ಕೈಯಲ್ಲೂ ಫೋನಿತ್ತು. ಅದರಲ್ಲಿ ಅಮ್ಮಿಯ ಕೈ ಇತ್ತು.

ತೆಗೆಸಲೆಂದು ಹುಡುಕಿದ ವಿಡಿಯೋವನ್ನು ನಾನು ನೋಡುತ್ತಲೇ ಇದ್ದೆ. ಹಾಡು ಬಂದ್ ಮಾಡಿ ನೋಡುತ್ತಿದ್ದೆ. ಮೊದಲ ಸಲ ನೋಡಿದಾಗ ನನಗೆ ಬಂದದ್ದು ಸಿಟ್ಟಲ್ಲ, ಹೊಟ್ಟೆಕಿಚ್ಚು. ಇಷ್ಟು ವರ್ಷ ಪರದೆಯ ಆಚೆಗಿದ್ದದ್ದು ನನ್ನ ಅಂಗೈಯಲ್ಲಿ ಕುಣಿಯುತ್ತಿತ್ತು, ಅದನ್ನು ನನಗಿಂತ ಮೊದಲು ಕಂಡ ಕಂಡವರೆಲ್ಲ ನೋಡಿದ್ದರು. ಆಮೇಲೆ ಹೊಟ್ಟೆಕಿಚ್ಚು ಇಳಿದು ಬರೀ ಆಸೆ ಉಳಿಯಿತು. ಅಮ್ಮಿಯ ಎಡಗೈ ಹೆಬ್ಬೆರಳು ಹಸಿರು ನೂಲನ್ನು ಒತ್ತಿ ಹಿಡಿಯುತ್ತದೆ, ಬಲಗೈ ಕೆಂಪನ್ನು ಅದರ ಕೆಳಗಿಂದ ತಂದು ಕೊಂಡಿ ಹಾಕುತ್ತದೆ, ಮುಂದಿನ ಸಾಲಿಗೆ ಒಂದು ಎಳೆ ಪಕ್ಕಕ್ಕೆ ಸರಿಯುತ್ತದೆ. ಅಷ್ಟೇ! ಅಷ್ಟಕ್ಕೇ ಪರದೆ ಇಳಿಯುತ್ತಿತ್ತು! ಅಜ್ಜ ನನ್ನ ಕೈಯನ್ನು ನೋಡುತ್ತಿದ್ದುದು ಗೊತ್ತಾದಾಗಲೇ ನನಗೆ ತಿಳಿದದ್ದು, ನನ್ನ ಬೆರಳು ಸೀರೆಯ ಸೆರಗಿನ ದಾರ ಹಿಡಿದು ಅದನ್ನೇ ಮಾಡುತ್ತಿತ್ತು.

ಬಸ್ಸು ಇಳಿದು ಓಣಿಗೆ ಬಂದಾಗ ತಮ್ಮ ಮನೆಯಲ್ಲಿರಲಿಲ್ಲ. ಅಂಗಡಿಯಲ್ಲಿ ಕೆಲಸವಿದೆ ಎಂದು ಹೋಗಿದ್ದನಂತೆ. ನಮ್ಮ ಮನೆಯ ಗಂಡಸರಿಗೆ ಹೆಂಗಸರ ಜಗಳದ ಹೊತ್ತಿಗೆ ಸರಿಯಾಗಿ ಕೆಲಸ ಬರುತ್ತದೆ. ಅವನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಕಣ್ಣು ಕೆಂಪಗೆ ಮಾಡಿಕೊಂಡು ನಿಂತಿದ್ದಳು. ಹಿಂದಿನ ಕೋಣೆಯ ಪರದೆ ಪೂರ್ತಿ ಸರಿದಿತ್ತು. ಮಗ್ಗದ ಮುಂದೆ, ಹಲಗೆಯ ಮೇಲಲ್ಲ, ನೆಲದ ಮೇಲೆ, ಅಮ್ಮಿ ಕೂತಿದ್ದಳು. ತೊಡೆಯ ಮೇಲೆ ದೊಡ್ಡ ಕತ್ತರಿ. ಜಮಖಾನ ಅರ್ಧಕ್ಕಿಂತ ಮೇಲೆ ಬಂದಿತ್ತು. ನವಿಲುಗಳಿಗೆ ಕಾಲು ಮೂಡಿತ್ತು, ಮೈ ಮೂಡಿತ್ತು. ಎಡಗಡೆಯದಕ್ಕೆ ಕುತ್ತಿಗೆಯೂ ಮೂಡಿತ್ತು. ಬಲಗಡೆಯದಕ್ಕೆ ಕುತ್ತಿಗೆ ಈಗಷ್ಟೇ ಸುರುವಾಗಿ ನಿಂತುಬಿಟ್ಟಿತ್ತು. ಸೊಸೆ ಕೂರುವ ಆ ಜಾಗವನ್ನು ಜಗಳ ಸುರುವಾದ ಗುರುವಾರದಿಂದ ಯಾರೂ ಮುಟ್ಟಿರಲಿಲ್ಲ.

ನಮ್ಮ ಮನೆಯಲ್ಲಿ ಉರ್ದು ಕನ್ನಡ ಎರಡನ್ನೂ ಕಲಸಿಯೇ ಮಾತಾಡುವುದು. ಜಗಳ ಏರಿದರೆ ಮಾತ್ರ ಅಮ್ಮಿಗೆ ಪೂರ್ತಿ ಕನ್ನಡ ಬರುತ್ತದೆ.

"ತಗಿಸಿದೇನು?" ಎಂದಳು.

"ಇಲ್ಲ."

"ಯಾಕ?"

"ಆಗೂದಿಲ್ಲ ಅಮ್ಮಿ. ಒಬ್ಬ ಹಾಕಿದ್ದನ್ನ ಮತ್ತೊಬ್ಬ ಇಳಿಸ್ಕೊಂಡು ಹಾಕ್ತಾನ. ಒಬ್ಬನ ಕಡೆ ತೆಗಿಸೂದ್ರಾಗ ಮತ್ತ ಇಬ್ರು ಹಾಕಿರ್ತಾರ."

"ಮ್ಯಾಲ ಹಾಕಿದ್ದು ಕೆಳಗ ಇಳಿಯೂದಿಲ್ಲಂದ್ರ ಎಂಥಾ ಮಾತಬೇ ಅದು? ಮಾರುದ್ದ ನೇಯ್ದಿದ್ರೂ ತಪ್ಪು ಕಂಡ್ರ ಅಲ್ಲೀತನಕಾ ಬಿಚ್ಚತೀವಿ. ಬಿಚ್ಚಾಕ ಬರಲಾರದ್ದು ಯಾವುದೈತಿ?"

"ಇದು ಬಿಚ್ಚಾಕ ಬರೂದಿಲ್ಲ."

ಅಮ್ಮಿ ನನ್ನ ಮುಖವನ್ನೇ ನೋಡಿದಳು. ಎಷ್ಟು ಓದಿಸಿದರೂ ಇಷ್ಟೇನಾ ಎಂಬ ನೋಟ. "ಅದರ ಕೆಳಗ ಏನೇನೋ ಬರೀತಾರಂತಲ್ಲ, ಓದು" ಎಂದಳು. ನಾನು ಬೇಡವೆಂದೆ. ಓದು ಎಂದರೆ ಓದಬೇಕು ಎಂದಳು. ಫೋನು ತೆಗೆದೆ.

"ಒಬ್ಬರು ಸೂಪರ್ ಅಂದಾರ. ಒಬ್ಬರು ಹಾಡು ಯಾವುದಂತ ಕೇಳ್ಯಾರ. ಒಬ್ಬರು ಕೈ ಮುಗದಾರ."

"ಮುಂದ?"

"ಮುಂದ ಏನಿಲ್ಲ."

"ನೀ ಸಣ್ಣಾಕಿದ್ದಾಗಿಂದ ಸುಳ್ಳು ಹೇಳೂ ಮುಂದ ಮೂಗು ತಿಕ್ಕೋತಿ. ಓದು."

"ಇದು ಮಷೀನಿನ್ಯಾಗ ಹತ್ತು ಮಿನಿಟಿನ ಕೆಲಸ, ಯಾಕ ಸುಮ್ನ ಕಷ್ಟ ಪಡ್ತಾರ ಅಂತ ಒಬ್ಬಂವ ಬರದಾನ."

ಬಾಗಿಲಲ್ಲಿ ನಿಂತ ಸೊಸೆಗೆ ತಡೆದುಕೊಳ್ಳಲಾಗಲಿಲ್ಲ. "ಅಮ್ಮೀ, ತಪ್ಪಾತ್ರಿ. ನನಗ ಬಡೀರಿ ಬೇಕಾದ್ರ. ಹಾಸಿನ ನೂಲಿಗೆ ಕೈ ಹಚ್ಚಬ್ಯಾಡ್ರಿ" ಎಂದಳು. ಅಮ್ಮಿ ಗೋಡೆ ಹಿಡಿದು ಎದ್ದಳು. ಅವಳ ಮೊಣಕಾಲು ಕಟಕ್ಕೆಂದದ್ದು ನಮಗೆಲ್ಲ ಕೇಳಿಸಿತು. ಕತ್ತರಿ ತೆರೆದು ಬಲಗಡೆಯ ಅಂಚಿಗೆ ಹೋದಳು. ಹೆದರಿಸುತ್ತಾಳೆ, ಅಷ್ಟೇ ಎಂದು ನಾನು ಅಂದುಕೊಂಡಿದ್ದೆ.

ಕತ್ತರಿಸಿಯೇಬಿಟ್ಟಳು. ಒಂದೇ ನೂಲು. ಅಷ್ಟು ಬಿಗಿಯಾಗಿದ್ದ ಹಾಸು ಟಣ್ಣೆಂದು ಹಾರಿ ಅವಳ ಕೈಗೇ ಹೊಡೆಯಿತು. ಸೊಸೆ "ಯಾ ಅಲ್ಲಾ" ಎಂದು ಬಾಯಿ ಮುಚ್ಚಿಕೊಂಡಳು. ದಾದಿಯ ಕಾಲದಿಂದ ಆ ಕೋಣೆಯಲ್ಲಿ ಜಮಖಾನ ಮುಗಿಯದೆ ಹಾಸಿನ ನೂಲಿಗೆ ಕತ್ತರಿ ಬಿದ್ದದ್ದಿಲ್ಲ. ಸಾವಾದ ಮನೆಯಲ್ಲೂ ಮಗ್ಗದ ಮೇಲೆ ಬಟ್ಟೆ ಹೊದಿಸುತ್ತಾರೆ, ಕತ್ತರಿಸುವುದಿಲ್ಲ.

ಅಮ್ಮಿ ಎರಡನೆಯ ನೂಲಿಗೆ ಕತ್ತರಿ ಒಡ್ಡಿ ನಿಂತಳು. ಸೊಸೆಯ ಕಡೆ ತಿರುಗುತ್ತಾಳೆ ಎಂದುಕೊಂಡರೆ ನನ್ನ ಕಡೆ ತಿರುಗಿದಳು.

"ನಿನಗ ತೋರಿಸಲಿಲ್ಲ. ನೀ ಪರದೇದ ಸಂದಿನ್ಯಾಗ ಕಣ್ಣು ಹಚ್ಚಿ ನಿಂದರ್ತಿದ್ದಿ, ನನಗ ಗೊತ್ತಿತ್ತು. ನಿನ್ನ ಕಾಲಬೆರಳು ಪರದೇದ ಕೆಳಗ ಕಾಣ್ತಿದ್ದು. ದಾದೀಗೆ ಮಾತು ಕೊಟ್ಟೀನಂತ, ಹೊಟ್ಟ್ಯಾಗ ಹುಟ್ಟಿದಾಕಿಗೆ ತೋರಿಸದಽ ಕುಂತೆ. ಈಗ ಜಗತ್ತಿಗೆಲ್ಲಾ ತೋರಿಸ್ಯಾರ. ಹಾಡು ಕೇಳಾವ್ರಿಗೆ ತೋರಿಸ್ಯಾರ. ಹಂಗಾದ್ರ ನಿನಗ್ಯಾಕ ಬಚ್ಚಿಟ್ಟೆ ನಾ? ಹೇಳು. ಯಾವ ಸುಖಕ್ಕ ಬಚ್ಚಿಟ್ಟೆ?"

ನನಗೆ ಸಿಟ್ಟು ಬಂತು. ಪರದೆಯ ಮೇಲೆ, ದಾದಿಯ ಮೇಲೆ, ಹೆಬ್ಬೆರಳಿನ ಚಿತ್ರ ಕಳಿಸಿದವನ ಮೇಲೆ, ಹತ್ತು ಮಿನಿಟಿನವನ ಮೇಲೆ. ಅಮ್ಮಿಯ ಮೇಲೂ. ನನ್ನ ಕಾಲಬೆರಳು ಕಂಡೂ ಆಕೆ ನೇಯುತ್ತಲೇ ಇದ್ದಳಲ್ಲ! ಆ ಸಿಟ್ಟಿನಲ್ಲೇ ಹೋಗಿ ಬಲಗಡೆ ಹಲಗೆಯ ಮೇಲೆ ಕೂತುಬಿಟ್ಟೆ. ಈಗ ಕತ್ತರಿಗೂ ಹಾಸಿಗೂ ನಡುವೆ ನನ್ನ ಭುಜವಿತ್ತು.

"ಏಳು" ಎಂದಳು ಅಮ್ಮಿ.

ಏಳಲಿಲ್ಲ. ಜೋತುಬಿದ್ದ ಹಸಿರು ನೂಲು ತೆಗೆದುಕೊಂಡೆ. ಎಡಗೈ ಹೆಬ್ಬೆರಳಿನಿಂದ ಒತ್ತಿ ಹಿಡಿದೆ. ಕೆಂಪನ್ನು ಕೆಳಗಿನಿಂದ ತಂದೆ. ಕೊಂಡಿ ಹಾಕಿದೆ. ಫೋನಿನಲ್ಲಿ ಅಷ್ಟು ಸಲೀಸಾಗಿ ಕಂಡ ನೂಲು ಕೈಗೆ ಬಂದಾಗ ಜಾರಿತು, ಹರಿಯಿತು, ಬೆರಳಿಗೆ ಸುತ್ತಿಕೊಂಡಿತು. ಹಾಸಿನ ಎಳೆ ಅಷ್ಟು ಗಟ್ಟಿ ಇರುತ್ತದೆಂದು ಯಾವ ವಿಡಿಯೋದಲ್ಲೂ ಗೊತ್ತಾಗುವುದಿಲ್ಲ. ಉಗುರಿನ ಬುಡ ಉರಿಯತೊಡಗಿತು. ಆದರೂ ಒಂದು ಸಾಲು ಹಾಕಿದೆ. ಕಬ್ಬಿಣದ ಹಣಿಗೆ ತೆಗೆದುಕೊಂಡು ಸಾಲನ್ನು ಕೆಳಕ್ಕೆ ಬಡಿದೆ. ಎರಡನೆಯ ಸಾಲಿಗೆ ಒಂದು ಎಳೆ ಪಕ್ಕಕ್ಕೆ ಸರಿದೆ. ಹಿಂದೆ ಅಮ್ಮಿಯ ಉಸಿರು ಕೇಳುತ್ತಿತ್ತು. ಕತ್ತರಿಯ ಸದ್ದು ಇರಲಿಲ್ಲ.

"ಇದು ನಿನಗ ಯಾರು ತೋರಿಸಿದ್ರು?" ಅಮ್ಮಿಯ ದನಿ ಬಹಳ ಸಣ್ಣದಾಗಿತ್ತು. ಸೊಸೆ ಗಾಬರಿಯಾಗಿ "ನಾ ಅಲ್ರಿ ಅಮ್ಮೀ, ಖರೇನಽ ನಾ ತೋರಿಸಿಲ್ಲ" ಎಂದಳು.

"ನೀನಽ ತೋರಿಸಿದಿ" ಎಂದೆ ಅಮ್ಮಿಗೆ, ತಿರುಗದೆ. "ತೆಗಸಾಕ ಕುಂತಾಕಿ ನೋಡ್ಕೋತಽ ಕುಂತೆ. ಊಟಾ ಬಿಟ್ಟು ನೋಡೀನಿ. ಬಸ್ಸಿನ್ಯಾಗ ನೋಡೀನಿ. ನನಗ ಬರಬಾರದಂತ ಇಷ್ಟ ವರ್ಷ ಬಚ್ಚಿಟ್ಟಿದ್ದಿ. ಈಗ ಬಂದೈತಿ. ಇನ್ನ ಯಾರಿಗೆ ಬಚ್ಚಿಡೂದೈತಿ ಅಂತ ಹಾಸು ಕತ್ತರಿಸ್ತಿ? ಕತ್ತರಿಸೂದಿದ್ರ ಕತ್ತರಿಸು. ನಾ ಏಳೂದಿಲ್ಲ."

ಹೇಳಿದ ಮೇಲೆ ನನಗೇ ಹೆದರಿಕೆಯಾಯಿತು. ಮಗಳು ಮಗ್ಗಕ್ಕೆ ಕೂತಿದ್ದಾಳೆ, ಗುಟ್ಟು ಕಲಿತು ಕೂತಿದ್ದಾಳೆ. ಅಮ್ಮಿ ಯಾವುದನ್ನು ತಡೆಯಲು ಜೀವಮಾನವಿಡೀ ಪರದೆ ಎಳೆದಳೋ ಅದೇ ಆಗಿತ್ತು, ಅದೂ ಅವಳ ಕಣ್ಣೆದುರು. ಇನ್ನು ಅವಳು ಪೂರ್ತಿ ಹಾಸನ್ನೇ ಕತ್ತರಿಸಿದರೂ ನಾನು ಏನೂ ಹೇಳುವಂತಿರಲಿಲ್ಲ. ಕೈ ನಿಂತುಹೋಯಿತು. ಹೊರಗೆ ಓಣಿಯಲ್ಲಿ ಯಾರೋ ಗಾಡಿ ಚಾಲೂ ಮಾಡುತ್ತಿದ್ದರು, ಅದು ಆಗುತ್ತಲೇ ಇರಲಿಲ್ಲ.

ಅಮ್ಮಿ ಕತ್ತರಿಯನ್ನು ಗೂಡಿನಲ್ಲಿಟ್ಟಳು. ಆ ಗೂಡಿನಲ್ಲಿ ಸೊಸೆಯ ಫೋನು ಇತ್ತು. ಅದನ್ನು ಎರಡು ಬೆರಳಲ್ಲಿ ಎತ್ತಿ, ಸತ್ತ ಇಲಿಯಂತೆ ದೂರ ಹಿಡಿದು, ಸೊಸೆಯ ಕೈಗೆ ಕೊಟ್ಟಳು. "ಇದನ್ನ ಹೊರಗ ಚಪ್ಪಲಿ ಬಿಡ್ತೀವಲ್ಲ, ಅಲ್ಲಿಡು. ಇಕೀದೂ ಅಲ್ಲೇ ಇಡು. ಈ ಖೋಲಿ ಒಳಗ ಬರಕೂಡದು" ಎಂದಳು. ಸೊಸೆ ನನ್ನ ಫೋನನ್ನೂ ಎತ್ತಿಕೊಂಡು ಓಡಿದಳು. ಅಮ್ಮಿ ಬಗ್ಗಿ, ತಾನು ಕತ್ತರಿಸಿದ ಹಾಸಿನ ಎರಡು ತುದಿ ಹುಡುಕಿ, ನಡುವೆ ಒಂದು ತುಂಡು ನೂಲು ಸೇರಿಸಿ ಗಂಟು ಹಾಕಿದಳು. ಒಂದಲ್ಲ, ಗಂಟಿನ ಮೇಲೆ ಗಂಟು.

ಆಮೇಲೆ ಕನ್ನಡಕ ಹಾಕಿಕೊಂಡು ನನ್ನ ಪಕ್ಕಕ್ಕೆ ಬಂದಳು. ನಾನು ನೇಯ್ದ ಎರಡು ಸಾಲಿನ ಮೇಲೆ ಬೆರಳು ಆಡಿಸಿದಳು. ಕುತ್ತಿಗೆ ಬಾಗುವ ಕಡೆ ಬೆರಳು ನಿಂತಿತು. ಅಲ್ಲಿ ಕಾಳಿನಷ್ಟು ಸೀಳು ಬಿಟ್ಟಿತ್ತು. ಅದರ ಒಳಗಿಂದ ಆಚೆಯ ಗೋಡೆಯ ಸುಣ್ಣ ಕಾಣುತ್ತಿತ್ತು.

"ಬಿಚ್ಚು" ಎಂದಳು.

ನನಗೆ ಕೇಳಿಸಿತು, ಆದರೆ ಕೈ ಏಳಲಿಲ್ಲ. ಆ ಮಾತನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದೆ, ಯಾವತ್ತೂ ನನಗೆ ಹೇಳಿದ್ದಲ್ಲ.

"ಕಿವಿ ಕೇಳಸೂದಿಲ್ಲೇನಬೇ? ತಪ್ಪಾಗೇತಿ. ಬಿಚ್ಚು. ಹೆಬ್ಬಟ್ಟು ಹಿಂಗ ಇಡಬೇಕು" ಎಂದು ನನ್ನ ಹೆಬ್ಬೆರಳನ್ನು ತನ್ನ ಕೈಯಲ್ಲಿ ಹಿಡಿದು ನೂಲಿನ ಮೇಲೆ ಒತ್ತಿದಳು. ಬಾಗಿಲಿಗೆ ಬಂದು ನಿಂತ ಸೊಸೆಯನ್ನು ನೋಡಿ, "ನೀ ಏನ್ ನೋಡ್ಕೋತ ನಿಂತಿ? ಈಕಡೆ ಬಾ, ಸಮೀಪ ಕೂಡು. ನಿನ್ನ ಮ್ಯಾಲಿನ ಸಿಟ್ಟು ಇಳಿದಿಲ್ಲ ನನಗ. ಇಕಿ ಬಿಚ್ಚಿದ ನೂಲು ಸುತ್ತಿ ಕೊಡು" ಎಂದಳು.

ಕಣ್ಣು ಮಂಜಾಗಿ ನೂಲಿನ ಬಣ್ಣ ನನಗೆ ಸರಿಯಾಗಿ ಕಾಣುತ್ತಿರಲಿಲ್ಲ. ಹೊರಗೆ ಚಪ್ಪಲಿಗಳ ನಡುವೆ ಫೋನು ರಿಂಗಾಗತೊಡಗಿತು. ಊಟಕ್ಕೆ ಏನು ಮಾಡಲಿ ಎಂದು ಗಂಡ ಕೇಳುತ್ತಿರಬೇಕು. ಯಾರೂ ಏಳಲಿಲ್ಲ. ನಾನು ನೇಯ್ದ ಎರಡು ಸಾಲನ್ನೂ ಬಿಚ್ಚಿದೆ.